ಮದುವೆಗೆ ಆರ್ಕೆಸ್ಟ್ರಾ ಕರೆಸುವವರೇ, ಹಾಡಿನ ಪಟ್ಟಿಯನ್ನು ಮ್ಯಾನೇಜರ್ ಕೈಗೆ ಬಿಡಬೇಡಿ

ಹುಬ್ಬಳ್ಳಿ-ಧಾರವಾಡದ ಕಡೆ ಮದುವೆ ರಿಸೆಪ್ಷನ್‌ಗೆ ಆರ್ಕೆಸ್ಟ್ರಾ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. "ಎಲ್ಲಾ ಹಾಡು ಬರ್ತಾವ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಅಂದ ಕೂಡಲೇ ಅಡ್ವಾನ್ಸ್ ಕೊಟ್ಟು ಬರಬೇಡಿ. ನಮ್ಮ ಅಕ್ಕನ ಮಗಳ ಮದುವೆಯಲ್ಲಿ ಈ ಮಾತಿನ ಬೆಲೆ ಎಷ್ಟು ಅಂತ ಗೊತ್ತಾಯಿತು. ತಂಡದ ಹೆಸರು ಬರೆಯುವುದಿಲ್ಲ, ಕೇಳಲೂ ಬೇಡಿ. ಈ ಚಾಳಿ ಒಬ್ಬರದ್ದೇ ಅಲ್ಲ.

ಪಟ್ಟಿ ಕೊಟ್ಟಿರಲಿಲ್ಲವಾ ಅಂತ ಕೇಳಬಹುದು. ಕೊಟ್ಟಿದ್ದೆವು. ಹುಡುಗ-ಹುಡುಗಿ ಇಬ್ಬರೂ ಕೂತು ಆರಿಸಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಮ್ಯಾನೇಜರ್‌ನಿಂದ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಆ ಪಟ್ಟಿ ಅವನ ಫೋನಿನಲ್ಲೇ ಉಳಿಯಿತು. ಹಾಡುವವರಿಗೆ ವೇದಿಕೆ ಹತ್ತುವವರೆಗೂ ಅದರ ಸುದ್ದಿಯೇ ಇಲ್ಲ. ಬುಕಿಂಗ್ ಹಿಡಿಯುವವನು ಒಬ್ಬ. ಸೀಸನ್ ಬಂದರೆ ಅವತ್ತು ಖಾಲಿ ಇರುವ ಗಾಯಕರನ್ನೂ ಕೀಬೋರ್ಡ್‌ನವರನ್ನೂ ಅವನು ಫೋನ್ ಮಾಡಿ ಕೂಡಿಸುತ್ತಾನೆ. ಅವರು ಒಟ್ಟಿಗೆ ಕೂತು ಒಂದು ಹಾಡನ್ನೂ ನುಡಿಸಿರುವುದಿಲ್ಲ. ಹಾಗಾಗಿ ಎಲ್ಲರಿಗೂ ಅರ್ಧಂಬರ್ಧ ಗೊತ್ತಿರುವ ಹಾಡೇ ಹೊರಗೆ ಬರುತ್ತದೆ.

ನಮ್ಮಲ್ಲಿ ಹುಡುಗ-ಹುಡುಗಿ ವೇದಿಕೆ ಹತ್ತುವಾಗಲೇ ಎಡವಟ್ಟು ಶುರುವಾಯಿತು. "ಈಗ ನಮ್ಮ ಧಾರವಾಡದ ವರಕವಿಯ ಒಂದು ಸುಂದರ ಪ್ರೇಮಗೀತೆ" ಅಂತ ನಿರೂಪಕಿ ಹೇಳಿದರು. ಬಂದದ್ದು ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ'. ಧಾಟಿ ಇಂಪಾಗಿದೆ. ಪಲ್ಲವಿಯಷ್ಟೇ ಕೇಳಿದರೆ ಪ್ರೀತಿ ಮಾಡುವವರ ಮಾತು ಅಂತಲೇ ಅನಿಸುತ್ತದೆ. ಆದರೆ ಅದು ಮಗುವನ್ನು ಕಳೆದುಕೊಂಡ ಗಂಡ, ತನ್ನ ಕಡೆ ನೋಡುತ್ತಾ ನಿಂತ ಹೆಂಡತಿಗೆ ಹೇಳುವ ಮಾತು. ತಮ್ಮದೇ ಮಗು ತೀರಿಕೊಂಡ ಸಂಕಟದಲ್ಲಿ ಬೇಂದ್ರೆ ಬರೆದ ಪದ್ಯ. ಬೇಂದ್ರೆಯವರ ಮನೆಯಿದ್ದ ಸಾಧನಕೇರಿ ಇರುವ ಊರಿನಲ್ಲೇ ಇದು ಗೊತ್ತಿಲ್ಲ ಅಂದರೆ ಏನು ಹೇಳೋದು?

ಮುಂದಿನ ಸಾಲಿನಲ್ಲಿ ಹುಡುಗನ ದೊಡ್ಡಪ್ಪ ಕೂತಿದ್ದರು. ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ಎರಡನೇ ನುಡಿಗೆ ಎದ್ದೇ ಬಿಟ್ಟರು. "ಅಕ್ಕಿಕಾಳು ಬಿದ್ದು ಇನ್ನಾ ಒಂದ್ ದಿನಾ ಆಗಿಲ್ಲ, ಇದನ್ಯಾರು ಹಾಡಸ್ಲಿಕತ್ತಾರ?" ನಮ್ಮ ಭಾವ ಓಡಿ ಹೋಗಿ ನಿಲ್ಲಿಸಿದರು. ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಗಾಯಕನಿಗೇ ಸಿಟ್ಟು. "ನೆಟ್‌ನ್ಯಾಗ ಲವ್ ಸಾಂಗ್ ಅಂತನ ಐತ್ರಿ" ಅಂದ.

ಬೀಗರು ಶಿಗ್ಗಾವಿ ಕಡೆಯವರು ಅಂತ ಯಾರೋ ಮ್ಯಾನೇಜರ್ ಕಿವಿಯಲ್ಲಿ ಹೇಳಿರಬೇಕು. ಅವರನ್ನು ಸಮಾಧಾನ ಮಾಡಲು ಮುಂದಿನದು ಶರೀಫರ ಪದ. ಶಿಶುನಾಳ ಇರುವುದೂ ಶಿಗ್ಗಾವಿ ತಾಲೂಕಿನಲ್ಲೇ, ಲೆಕ್ಕಾಚಾರವೇನೋ ಸರಿಯಾಗಿತ್ತು. ಆದರೆ ಆರಿಸಿದ್ದು 'ಸೋರುತಿಹುದು ಮನೆಯ ಮಾಳಿಗಿ'. ತತ್ವಪದ ಅಂತ ನೋಡಿದರೆ ಅದಕ್ಕೆ ಸಾಟಿ ಇಲ್ಲ, ಭಜನೆಯಲ್ಲಿ ಇಡೀ ರಾತ್ರಿ ಕೇಳಬಹುದು. ಹೊಸದಾಗಿ ಸಂಸಾರ ಹೂಡುವವರ ಮುಂದೆ ಮಾತ್ರ ಬೇಡ. ಪುಣ್ಯಕ್ಕೆ ಈ ಸಲ ಯಾರೂ ಸಿಟ್ಟಾಗಲಿಲ್ಲ. "ಪತ್ರಾಸ್ ಹಾಕಸ್ರಿ ಬೀಗರ" ಅಂತ ಚಾಷ್ಟಿ ಮಾಡಿ ನಕ್ಕರು. ಆ ಚಾಷ್ಟಿ ಇನ್ನೂ ನಿಂತಿಲ್ಲ.

ಹಾಡು ಆರಿಸುವುದು ಅಷ್ಟು ಕಷ್ಟದ ಕೆಲಸವೇನಲ್ಲ ಅಂತ ಅದೇ ಮದುವೆಯಲ್ಲೇ ನೋಡಿದ್ದೆವು. ಅರಿಶಿಣದ ದಿನ ಗದಗಿನಿಂದ ಒಬ್ಬ ಗಾಯಕರು ಬಂದಿದ್ದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸಂಗೀತ ಕೊಟ್ಟು ಬದುಕು ಕಟ್ಟಿಸಿದ ಜಾಗ ಅದು. ಜೊತೆಗೆ ಒಂದು ಹಾರ್ಮೋನಿಯಂ, ಒಂದು ತಬಲಾ, ಅಷ್ಟೇ. ಅವರು ಮೊದಲೇ ಫೋನ್ ಮಾಡಿ ಕೇಳಿದ್ದರು. ಯಾರ್‍ಯಾರು ಕೂಡುತ್ತಾರೆ, ಮನೆಯಲ್ಲಿ ಈ ವರ್ಷ ಸಾವು-ನೋವು ಏನಾದರೂ ಆಗಿದೆಯಾ, ವಚನ ಜಾಸ್ತಿ ಬೇಕಾ ದಾಸರ ಪದ ಬೇಕಾ. ನಮ್ಮ ಅತ್ತೆ ಕೇಳಿದ ಒಂದು ಪದಕ್ಕೆ "ಅದು ವೈರಾಗ್ಯದ್ದೈತ್ರಿ, ಇವತ್ತ ಬ್ಯಾಡ" ಅಂದರು. ಆರ್ಕೆಸ್ಟ್ರಾದವರು ತಗೊಂಡ ದುಡ್ಡಿನಲ್ಲಿ ಕಾಲು ಭಾಗವೂ ಅವರಿಗೆ ಕೊಟ್ಟಿರಲಿಲ್ಲ.

ಇನ್ನು ಲೈವ್ ಬ್ಯಾಂಡ್ ವಿಷಯ. ಡ್ರಮ್ಸ್, ಗಿಟಾರ್, ಕೊಳಲು ಅಂತ ಮಾತಾಗಿತ್ತು. ಬಂದದ್ದು ಕೀಬೋರ್ಡ್, ರಿದಮ್ ಪ್ಯಾಡ್, ಒಂದು ಲ್ಯಾಪ್‌ಟಾಪ್. ಕೊಳಲಿನ ಹುಡುಗ ಬಂದಿದ್ದ, ನಿಜ. ಆದರೆ ಅವನು ತುಟಿಗೆ ಕೊಳಲು ಹಿಡಿದು ನಿಂತಿದ್ದರೆ ಸದ್ದು ಲ್ಯಾಪ್‌ಟಾಪ್‌ನ ಕರೋಕೆ ಟ್ರ್ಯಾಕ್‌ನಿಂದ ಬರುತ್ತಿತ್ತು. ಮದುಮಗಳ ಗೆಳತಿ ಒಂದು ಹಾಡು ಹಾಡುತ್ತೇನೆ ಅಂದಳು. ಗಂಡಸರ ಹಾಡು, ಟ್ರ್ಯಾಕ್‌ನ ಸ್ಕೇಲ್ (ಶ್ರುತಿ) ಹಾರ್ಮೋನಿಯಂನ ಕಪ್ಪು ಮನೆ ಒಂದರಲ್ಲಿ. ಅವಳದ್ದು ಕಪ್ಪು ನಾಲ್ಕು. ನಿಜವಾಗಿ ನುಡಿಸುವವರಿದ್ದರೆ ಸ್ಕೇಲ್ ಬದಲಿಸಿ ಶುರು ಮಾಡುತ್ತಾರೆ. ಇವರು "ಅದ ಸ್ಕೇಲ್‌ನ್ಯಾಗ ಹಾಡ್ರಿ" ಅಂದರು. ಪಾಪ, ಹುಡುಗಿ ಪಲ್ಲವಿಗೇ ಮೈಕ್ ಇಟ್ಟು ಇಳಿದಳು. ಬುಕ್ ಮಾಡುವ ಮುಂಚೆ ಅವರು ಅಭ್ಯಾಸ ಮಾಡುವ ಜಾಗಕ್ಕೇ ಹೋಗಿ. ಒಂದು ಹಾಡು ನುಡಿಸುತ್ತಿರುವಾಗ ನಡುವೆ ನಿಲ್ಲಿಸಿ, ಅದೇ ಚರಣವನ್ನು ಬೇರೆ ಸ್ಕೇಲ್‌ನಲ್ಲಿ ಕೇಳಿ. ತಡವರಿಸಿದರೆ ಟ್ರ್ಯಾಕ್ ನಂಬಿಕೊಂಡವರು ಅಂತ ಗೊತ್ತಾಗುತ್ತದೆ.

ಸಮಯದ ಲೆಕ್ಕವನ್ನೂ ಇಟ್ಟುಕೊಳ್ಳಿ. ನಮ್ಮದು ಬಯಲು ಲಾನ್. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಇವರು ಸೌಂಡ್ ಚೆಕ್ ಅಂತಲೇ ಸಂಜೆ ಕಳೆದರು. ಹುಡುಗಿಯ ಅಪ್ಪ ಆಸೆಪಟ್ಟು ಕೊನೆಗೆ ಅಂತ ಇಟ್ಟುಕೊಂಡಿದ್ದ ಹಾಡಿಗೆ ಸರದಿ ಬರುವಷ್ಟರಲ್ಲಿ ಹತ್ತು ಗಂಟೆ ಆಗಿತ್ತು. ಬೇಕೇ ಬೇಕು ಅನ್ನುವ ಹಾಡುಗಳನ್ನು ಮೊದಲ ಅರ್ಧ ಗಂಟೆಯಲ್ಲೇ ಹಾಡಿಸಿ. ಡ್ಯಾನ್ಸ್ ಹಾಡು ಕೊನೆಗೆ ತಪ್ಪಿದರೂ ಯಾರಿಗೂ ನಷ್ಟವಿಲ್ಲ.

ಎಲ್ಲಾ ಮುಗಿದ ಮೇಲೆ ಮ್ಯಾನೇಜರ್ ಹೊಸ ರಾಗ ತೆಗೆದ. ಸಿನಿಮಾ ಹಾಡು ಹಾಡಿದ್ದಕ್ಕೆ 'ಕಾಪಿರೈಟ್ ಲೈಸೆನ್ಸ್' ಅಂತ ಮೇಲೆ ದುಡ್ಡು ಬೇಕಂತೆ. ಮಾತಿನಲ್ಲೂ ಇರಲಿಲ್ಲ, ಕಾಗದದಲ್ಲೂ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭದಲ್ಲಿ ಹಾಡುವುದಕ್ಕೆ ವಿನಾಯಿತಿ ಇದೆ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಅಂತ ಅಲ್ಲೇ ಬರೆದಿದೆ. ನಮ್ಮ ಬಂಧುಗಳಲ್ಲಿ ಒಬ್ಬ ವಕೀಲರು ಇದನ್ನು ಫೋನಿನಲ್ಲೇ ತೆಗೆದು ತೋರಿಸಿದರು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ಕೈ ಸ್ವಲ್ಪವಾದರೂ ಮೇಲಾಗಿದ್ದು ಒಂದು ಕಾರಣಕ್ಕೆ. ಅಡ್ವಾನ್ಸ್ ಕೊಡುವಾಗ ಭಾವ ರಸೀದಿಯ ಹಿಂದೆ ವಾದ್ಯಗಳ ಹೆಸರು ಬರೆಸಿ ಸಹಿ ಹಾಕಿಸಿದ್ದರು. ಬಾರದ ಡ್ರಮ್ಸ್ ಮತ್ತು ಗಿಟಾರ್ ಲೆಕ್ಕ ಹಾಕಿ ಬಾಕಿಯಲ್ಲಿ ಅರ್ಧ ಹಿಡಿದೆವು. ನೀವು ಅದರ ಜೊತೆ ಹಾಡಿನ ಪಟ್ಟಿಯನ್ನೂ ಬರೆಸಿ. ಪ್ರತಿ ಹಾಡಿನ ಮೊದಲ ಸಾಲು, ಯಾರು ಹಾಡುತ್ತಾರೆ, ಯಾವ ಹೊತ್ತಿಗೆ ಅಂತ ಇರಲಿ. ಕೆಳಗೆ ಯಾವ ಹಾಡು ಬೇಡವೇ ಬೇಡ ಅಂತಲೂ ಬರೆಯಿರಿ. ಗಾಯಕರ ನಂಬರ್ ಇಸಿದುಕೊಂಡು ಪಟ್ಟಿಯನ್ನು ನೇರವಾಗಿ ಅವರಿಗೇ ಕಳಿಸಿ. ನಂಬರ್ ಕೊಡಲ್ಲ ಅಂದರೆ ಆ ತಂಡ ಬಿಟ್ಟುಬಿಡಿ. ಇನ್ನು ಅವತ್ತು ಜನ ಇಂಥ ಹಾಡು ಬೇಕು ಅಂತ ಬರೆದು ಕಳಿಸುವ ಫರ್ಮಾಯಿಶಿ ಚೀಟಿಗಳು ವೇದಿಕೆಗೆ ಹೋಗುವ ಮುಂಚೆ ನಿಮ್ಮ ಮನೆಯ ಒಬ್ಬರ ಕೈ ದಾಟಲಿ, ಹಳೇ ಹಾಡುಗಳು ಗೊತ್ತಿರುವವರೇ ಆದರೆ ಒಳ್ಳೇದು.