ಯಾರ್ಕ್‌ನಲ್ಲಿ ಉಳಿಯಬೇಕೋ, ವಿಟ್ಬಿಯಲ್ಲೋ? ನಾರ್ತ್ ಯಾರ್ಕ್‌ಷೈರ್ ಸುತ್ತಿ ನೋಡಿದ ಹೋಲಿಕೆ

ಇಂಗ್ಲೆಂಡಿನ ಉತ್ತರ ಭಾಗದ ನಾರ್ತ್ ಯಾರ್ಕ್‌ಷೈರ್ ನೋಡಬೇಕು ಅನ್ನುವ ನಮ್ಮವರೆಲ್ಲ ಮೊದಲು ಯಾರ್ಕ್‌ನಲ್ಲಿ ರೂಮು ಬುಕ್ ಮಾಡಿಬಿಡುತ್ತಾರೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ವೇಗದ ರೈಲು ಹತ್ತಿದರೆ ಹೆಚ್ಚುಕಮ್ಮಿ ಎರಡು ಗಂಟೆಗೆ ಯಾರ್ಕ್ ಬರುತ್ತದೆ. ಸುಲಭ, ಅಲ್ವಾ? ನಾನು ಕೆಲಸದ ಮೇಲೆ ಲೀಡ್ಸ್‌ನಲ್ಲಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಾಗ, ಅಕ್ಕನ ಮನೆಯವರು ಮಕ್ಕಳ ಸಮೇತ ಬಂದಾಗ, ಒಬ್ಬನೇ ಬಿಡುವಾಗಿದ್ದಾಗ ಈ ಸೀಮೆಯನ್ನು ಬೇರೆ ಬೇರೆ ಥರ ಸುತ್ತಿದ್ದೇನೆ. ಯಾರ್ಕ್‌ನಲ್ಲಿ ಉಳಿದು ಕರಾವಳಿಗೆ ಹೋಗಿ ಬಂದದ್ದಿದೆ, ಕರಾವಳಿಯ ಊರಾದ ವಿಟ್ಬಿಯಲ್ಲಿ ಉಳಿದು ಯಾರ್ಕ್ ನೋಡಿದ್ದಿದೆ. ಕಾರೂ ಆಯಿತು, ಬಸ್ಸೂ ಆಯಿತು. ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಯಾರ್ಕ್‌ಗೆ ಒಂದು ದಿನ ಕೊಡಿ, ರಾತ್ರಿಗಳನ್ನು ಸಮುದ್ರದ ಹತ್ತಿರ ಕಳೆಯಿರಿ.

ಹಾಗಂತ ಯಾರ್ಕ್ ಮೇಲೆ ನನಗೆ ಪ್ರೀತಿ ಕಡಿಮೆ ಎಂದಲ್ಲ. ಕ್ರಿ.ಶ. 71ರಲ್ಲಿ ರೋಮನ್ನರು ಕೋಟೆ ಕಟ್ಟಿದ ಜಾಗ ಅದು. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಸೈನಿಕರು ಚಕ್ರವರ್ತಿ ಎಂದು ಸಾರಿದ್ದು ಅಲ್ಲೇ. ಊರು ಸುತ್ತಿದ ಹಳೆಯ ಗೋಡೆಯ ಮೇಲೆ ಸುಮಾರು 3.4 ಕಿಲೋಮೀಟರ್ ನಡೆಯಬಹುದು, ದುಡ್ಡು ಕೊಡಬೇಕಿಲ್ಲ. ರೈಲ್ವೆ ಮ್ಯೂಸಿಯಂ ಕೂಡ ಪುಕ್ಕಟೆ. 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿ ಉಗಿ ಎಂಜಿನ್‌ಗಳ ದಾಖಲೆ ಬರೆದ ಮ್ಯಾಲಾರ್ಡ್ ಎಂಜಿನ್ ಆ ಮ್ಯೂಸಿಯಂನದ್ದು. ರೈಲ್ವೆಯಲ್ಲೇ ದುಡಿದು ರಿಟೈರ್ ಆದ ನಮ್ಮಪ್ಪ ಅದರ ಮುಂದಿನಿಂದ ಕದಲಲೇ ಇಲ್ಲ. ಮಿನ್‌ಸ್ಟರ್ ಚರ್ಚಿಗೆ ಟಿಕೆಟ್ ಇದೆ, ಕೊಟ್ಟರೆ ನಷ್ಟವಿಲ್ಲ. ಒಳಗೆ ಹೋದ ಮೇಲೆ ಉತ್ತರ ಬದಿಯ ಫೈವ್ ಸಿಸ್ಟರ್ಸ್ ಕಿಟಕಿಯ ಎದುರು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. 16 ಮೀಟರಿಗೂ ಎತ್ತರದ ಐದು ಸಾಲುಗಳು. ಬಣ್ಣ ಜಾಸ್ತಿ ಇಲ್ಲ, ಬೂದು ಹಸಿರು ಗಾಜಿನ ಸಾವಿರಾರು ಚೂರುಗಳು ಮಾತ್ರ. ಆ ಕಿಟಕಿಯ ವಿಷಯ ಮುಂದೆ ಇನ್ನೊಂದು ಜಾಗದಲ್ಲಿ ಬರುತ್ತದೆ.

ಇಷ್ಟೆಲ್ಲ ಇದ್ದರೂ, ಬೆಳಿಗ್ಗೆ ಬೇಗ ಹೊರಟರೆ ಯಾರ್ಕ್‌ನ ಮುಖ್ಯ ಜಾಗಗಳು ಒಂದೇ ದಿನಕ್ಕೆ ಮುಗಿಯುತ್ತವೆ. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಶನಿವಾರ ಶಾಂಬಲ್ಸ್ ಗಲ್ಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲೇ ಉಳಿದು ದಿನಾ ಒಂದೊಂದು ಕಡೆ ಹೋಗಿ ಬರೋಣ ಅಂದುಕೊಂಡವರಿಗೆ ದಿನದ ಅರ್ಧ ದಾರಿಯಲ್ಲೇ ಹೋಗುತ್ತದೆ. ಯಾರ್ಕ್‌ನಿಂದ ವಿಟ್ಬಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ. ವಾಪಸ್ಸೂ ಅಷ್ಟೇ. ಸಮುದ್ರಕ್ಕೆ ಉಳಿಯುವುದು ಮೂರ್ನಾಲ್ಕು ಗಂಟೆ, ಅದೂ ಎಲ್ಲರೂ ಬಂದು ತುಂಬಿಕೊಂಡಿರುವ ನಡುಮಧ್ಯಾಹ್ನ.

ಆ ಬಸ್ಸನ್ನು ಬೇಡ ಎನ್ನುತ್ತಿಲ್ಲ. ಕೋಸ್ಟ್‌ಲೈನರ್ 840 ಎಂದು ಅದರ ಹೆಸರು. ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್, ಪಿಕರಿಂಗ್ ದಾಟಿ ವಿಟ್ಬಿಗೆ ಹೋಗುತ್ತದೆ. 2018ರಲ್ಲಿ ಬ್ರಿಟನ್ನಿನ ಅತಿ ಚೆಂದದ ಬಸ್ ಮಾರ್ಗ ಎಂದು ಆಯ್ಕೆಯಾಗಿತ್ತು. ಒಂದು ಸಲದ ಬಸ್ ಪ್ರಯಾಣಕ್ಕೆ ಗರಿಷ್ಠ ದರ ಎಂದು ಸರ್ಕಾರ ಮಿತಿ ಹಾಕಿದೆ: 2023ರಲ್ಲಿ 2 ಪೌಂಡ್ ಇತ್ತು, 2025ರ ಜನವರಿಯಿಂದ 3 ಪೌಂಡ್. ಅಷ್ಟು ದುಡ್ಡಿಗೆ ಈ ದೇಶದಲ್ಲಿ ಒಂದು ಕಾಫಿ ಸಿಗುವುದೂ ಕಷ್ಟ. ಮೇಲಿನ ಡೆಕ್ಕಿನ ಮುಂದಿನ ಸೀಟು ಹಿಡಿಯಿರಿ. ಪಿಕರಿಂಗ್ ದಾಟಿದ ಮೇಲೆ ಹೊಲ, ಬೇಲಿ ಎಲ್ಲ ಮುಗಿದು ಬಯಲು ಶುರುವಾಗುತ್ತದೆ. ಹೋಲ್ ಆಫ್ ಹಾರ್ಕಮ್ ಎಂಬ ಕಡೆ ರಸ್ತೆಯ ಪಕ್ಕದಲ್ಲೇ ನೆಲ 120 ಮೀಟರ್ ಆಳಕ್ಕೆ ಕುಸಿದಂತೆ ಕಾಣುತ್ತದೆ. ವೇಡ್ ಎಂಬ ದೈತ್ಯ ಹೆಂಡತಿಯ ಮೇಲಿನ ಸಿಟ್ಟಿಗೆ ಅಲ್ಲಿಂದ ಮಣ್ಣು ಬಾಚಿ ಎಸೆದ ಎಂದು ಅಲ್ಲಿನವರ ಕಥೆ. ನಿಜವಾಗಿ ಅದನ್ನು ಸಾವಿರಾರು ವರ್ಷ ಕೊರೆದದ್ದು ಬುಗ್ಗೆಯ ನೀರು. ಹೋಗುವಾಗ ಒಂದು ಸಲ ಈ ದಾರಿ ಹಬ್ಬ. ಅದೇ ದಿನ ವಾಪಸ್ ಬರಬೇಕೆಂದರೆ ವಯಸ್ಸಾದವರಿಗೆ ಸುಸ್ತು.

ಇನ್ನು ವಿಟ್ಬಿ. ಸಂಜೆ ಐದರ ಮೇಲೆ ದಿನದ ಪ್ರವಾಸಿಗರು ಬಸ್ಸು ಕಾರು ಹತ್ತಿ ಹೋಗುತ್ತಾರೆ. ಊರು ಆಗ ನಿಮ್ಮದು. ಎಸ್ಕ್ ನದಿ ಸಮುದ್ರ ಸೇರುವ ಜಾಗದಲ್ಲಿ ಎರಡೂ ದಡಕ್ಕೆ ಊರು ಹಬ್ಬಿದೆ. ನಡುವಿನ ತಿರುಗು ಸೇತುವೆ ದೋಣಿ ಬಂದಾಗ ತೆರೆದುಕೊಳ್ಳುತ್ತದೆ, ಜನ ಎರಡೂ ಕಡೆ ನಿಂತು ಕಾಯುತ್ತಾರೆ. ಪೂರ್ವದ ದಡದಲ್ಲಿ 199 ಮೆಟ್ಟಿಲು. ನಡುನಡುವೆ ಅಗಲವಾದ ಕಟ್ಟೆಗಳಿವೆ. ಹಿಂದೆ ಶವಪೆಟ್ಟಿಗೆ ಹೊತ್ತು ಹತ್ತುವವರು ಭಾರ ಇಳಿಸಿ ಸುಧಾರಿಸಿಕೊಳ್ಳಲು ಮಾಡಿದವು. ಮಂಡಿನೋವಿನ ಅಮ್ಮ ಅವುಗಳ ಮೇಲೆ ಕೂತು ಕೂತೇ ಮೇಲೆ ತಲುಪಿದರು.

ಮೇಲೆ ಪಾಳುಬಿದ್ದ ಮಠ ಇದೆ. 657ರಲ್ಲಿ ಇಲ್ಲಿ ಮೊದಲ ಮಠ ಕಟ್ಟಿ ನಡೆಸಿದ್ದು ಹಿಲ್ಡ್ ಎಂಬ ಹೆಂಗಸು. ಅವಳ ಕೈಕೆಳಗೆ ಗಂಡಸರೂ ಹೆಂಗಸರೂ ಇದ್ದರು. ಈಸ್ಟರ್ ಹಬ್ಬದ ದಿನ ಲೆಕ್ಕ ಹಾಕುವುದು ಹೇಗೆ ಎಂಬ ಜಗಳ 664ರಲ್ಲಿ ಇಲ್ಲೇ ತೀರ್ಮಾನವಾಯಿತು, ರೋಮಿನ ಪದ್ಧತಿ ಗೆದ್ದಿತು. ಈಗ ಕಾಣುವ ಎತ್ತರದ ಗೋಡೆಗಳು ಅದಕ್ಕಿಂತ ಬಹಳ ಈಚಿನವು. 1914ರ ಡಿಸೆಂಬರ್‌ನಲ್ಲಿ ಜರ್ಮನ್ ಹಡಗುಗಳು ಸಮುದ್ರದಿಂದ ಹಾರಿಸಿದ ಗುಂಡುಗಳೂ ಇವಕ್ಕೆ ಬಡಿದಿವೆ.

ಕೆಳಗೆ ಚರ್ಚ್ ಸ್ಟ್ರೀಟಿನ ಒಂದು ಅಂಗಡಿಯ ಗಾಜಿನ ಪೆಟ್ಟಿಗೆ ಮುಂದೆ ಅಮ್ಮ ನಿಂತುಬಿಟ್ಟರು. “ಇದು ಸಾಲಿಗ್ರಾಮ ಅಲ್ವೇನೋ?” ಹೌದು, ಹೆಚ್ಚುಕಮ್ಮಿ ಅದೇ. ಸುರುಳಿ ಸುರುಳಿಯ ಅಮ್ಮೊನೈಟ್ ಪಳೆಯುಳಿಕೆ. ನಮ್ಮ ದೇವರ ಮನೆಯ ಸಾಲಿಗ್ರಾಮ ಗಂಡಕಿ ನದಿಯಿಂದ ಬಂದ ಅಮ್ಮೊನೈಟ್ ಕಲ್ಲೇ. ವಿಟ್ಬಿಯವರು ಇದಕ್ಕೆ ಬೇರೆ ಕಥೆ ಕಟ್ಟಿದ್ದಾರೆ: ಹಿಲ್ಡ್ ಇಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳಂತೆ. ಹಳೆ ಕಾಲದಲ್ಲಿ ಕಲ್ಲಿನ ತುದಿಗೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದರು. ಊರಿನ ಲಾಂಛನದಲ್ಲೇ ಇಂಥ ಮೂರು ಹಾವುಗಳಿವೆ. ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ಕಲ್ಲನ್ನು ಕೈಗೆತ್ತಿಕೊಂಡು ಇದು ಸಾಮಾನ್ಯದ್ದಲ್ಲ ಅಂದುಕೊಂಡಿದ್ದು ನನಗೆ ಬಹಳ ಹಿಡಿಸಿತು. ಅಮ್ಮ ಒಂದನ್ನು ಕೊಂಡರು.

ಕರಾವಳಿಯಲ್ಲಿ ವಿಟ್ಬಿಗೆ ಎದುರಾಳಿ ಎಂದರೆ ಸ್ಕಾರ್‌ಬರೋ. ಯಾರ್ಕ್‌ನಿಂದ ನೇರ ರೈಲು, ಒಂದು ಗಂಟೆಯೂ ಬೇಡ. ಎರಡು ದೊಡ್ಡ ಮರಳಿನ ಕೊಲ್ಲಿ, ನಡುವೆ ಕೋಟೆ, ಬಂಡೆ ಇಳಿಯಲು ಹಗ್ಗದ ಟ್ರಾಮು. ಅಕ್ಕನ ಮಕ್ಕಳು ವಿಟ್ಬಿಯಲ್ಲಿ ಬೇಗ ಬೇಜಾರಾದರು, ಇಲ್ಲಿ ಮರಳು ಬಿಟ್ಟು ಏಳಲಿಲ್ಲ. ಚಿಕ್ಕ ಮಕ್ಕಳಿದ್ದರೆ ಯೋಚನೆಯೇ ಬೇಡ, ಸ್ಕಾರ್‌ಬರೋಗೆ ಹೋಗಿ. ದೊಡ್ಡವರೇ ಆದರೆ ಅಲ್ಲಿನ ಆಟದ ಮೆಷಿನ್ನುಗಳ ಗಲಾಟೆ ಸಾಕಾಗುತ್ತದೆ.

ಊಟದ ವಿಷಯದಲ್ಲಿ ಯಾರ್ಕ್ ಗೆಲ್ಲುತ್ತದೆ, ಇದನ್ನು ಒಪ್ಪಬೇಕು. ಕರಾವಳಿಯಲ್ಲಿ ಎಲ್ಲಿ ನೋಡಿದರೂ ಮೀನು ಮತ್ತು ಚಿಪ್ಸ್. ಸಸ್ಯಾಹಾರಿಗಳು ಬರೀ ಚಿಪ್ಸ್ ತಿಂದರಾಯಿತು ಅಂದುಕೊಳ್ಳುವ ಮುನ್ನ ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿ. ಯಾರ್ಕ್‌ಷೈರ್‌ನ ಬಹಳಷ್ಟು ಅಂಗಡಿಗಳು ಇವತ್ತಿಗೂ ದನದ ಕೊಬ್ಬಿನಲ್ಲೇ ಕರಿಯುತ್ತವೆ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಪ್ಪ ಅಮ್ಮನ ಜೊತೆ ಹೋಗುವಾಗ ನಾನು ಅಡುಗೆಮನೆ ಇರುವ ಕಾಟೇಜ್ ಹಿಡಿಯುತ್ತೇನೆ. ಕುಕ್ಕರ್, ಬೇಳೆ, ಸಾರಿನಪುಡಿ ಜೊತೆಗೇ ಬರುತ್ತವೆ.

ಪಾಳುಮಠಗಳಲ್ಲಿ ದೊಡ್ಡ ಸ್ಪರ್ಧೆ ಇರುವುದು ಫೌಂಟನ್ಸ್ ಮತ್ತು ರೀವೋ ನಡುವೆ. ಎರಡೂ 1132ರಲ್ಲಿ ಶುರುವಾದ, ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠಗಳು. ಎರಡೂ ಕುರಿ ಉಣ್ಣೆಯಿಂದ ಶ್ರೀಮಂತವಾದವು. ರಾಜ ಎಂಟನೇ ಹೆನ್ರಿ ಎರಡನ್ನೂ ಮುಚ್ಚಿಸಿದ, ರೀವೋ 1538ರಲ್ಲಿ, ಫೌಂಟನ್ಸ್ 1539ರಲ್ಲಿ. ಫೌಂಟನ್ಸ್ ದೊಡ್ಡದು, ಹೆಚ್ಚು ಉಳಿದಿದೆ. ಪಶ್ಚಿಮದ ಉಗ್ರಾಣಕ್ಕೆ ಕಾಲಿಟ್ಟರೆ ಕಮಾನುಗಳ ಸಾಲು 90 ಮೀಟರ್ ಉದ್ದಕ್ಕೆ ಒಂದರ ಹಿಂದೊಂದು ಸಾಗುತ್ತದೆ, ಚಾವಣಿ ಸಮೇತ. ಪಕ್ಕದಲ್ಲಿ 18ನೇ ಶತಮಾನದ ಸ್ಟಡ್ಲಿ ರಾಯಲ್ ನೀರಿನ ತೋಟ. ಸೌತ್ ಸೀ ಷೇರು ಹಗರಣದಲ್ಲಿ ಸಿಕ್ಕಿ ಸಂಸತ್ತಿನಿಂದ ಹೊರಬಿದ್ದ ಜಾನ್ ಐಸ್ಲಬಿ ಊರಿಗೆ ಮರಳಿ ಬೆಳೆಸಿದ ತೋಟ ಅದು. 1986ರಿಂದ ಇಡೀ ಜಾಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೋಗುವವರು ಜಿಂಕೆ ಪಾರ್ಕಿನ ಕಡೆಯಿಂದ ಒಳಗೆ ಹೋಗಿ, ನೀರಿನ ದಂಡೆಯಲ್ಲೇ ನಡೆಯಿರಿ. ಮಠ ಕೊನೆಗೆ ತಿರುವಿನಲ್ಲಿ ಕಾಣಿಸಬೇಕು, ಮೊದಲೇ ಅಲ್ಲ.

ಆದರೂ ನನ್ನ ಓಟು ರೀವೋಗೆ. ಹೆಲ್ಮ್ಸ್‌ಲಿ ಊರಿನಿಂದ ಕ್ಲೀವ್‌ಲ್ಯಾಂಡ್ ವೇ ಕಾಲುದಾರಿ ಹಿಡಿದರೆ ಸುಮಾರು 5 ಕಿಲೋಮೀಟರ್. ಕಾಡಿನ ನಡುವೆ ಇಳಿದು ರೈ ನದಿಯ ಕಣಿವೆಗೆ ಬರುತ್ತೀರಿ. ಕಣಿವೆ ಎಷ್ಟು ಕಿರಿದು ಎಂದರೆ, ಪೂರ್ವಕ್ಕೆ ಮುಖ ಮಾಡಬೇಕಾದ ಚರ್ಚನ್ನು ಹೆಚ್ಚುಕಮ್ಮಿ ಉತ್ತರ ದಕ್ಷಿಣವಾಗಿ ಕಟ್ಟಿದ್ದಾರೆ. ಚಾವಣಿ ಇಲ್ಲ. ಮೂರು ಅಂತಸ್ತಿನ ಕಮಾನು, ಮೇಲೆ ಆಕಾಶ. ಮಠ ಮುಚ್ಚಿದಾಗ ರಾಜನ ಆಳುಗಳು ಚಾವಣಿಯ ಸೀಸ ಕರಗಿಸಿ ಗಟ್ಟಿ ಮಾಡಿ, ರಾಜಮುದ್ರೆ ಒತ್ತಿದ್ದರು. ಗೋಡೆ ಕುಸಿದು ಕೆಲವು ಗಟ್ಟಿಗಳು ಅಲ್ಲೇ ಹೂತುಹೋದವು. ನಾನೂರು ವರ್ಷದ ಹತ್ತಿರ ಕಳೆದು, ಇಪ್ಪತ್ತನೇ ಶತಮಾನದಲ್ಲಿ ಅಗೆದಾಗ ಸಿಕ್ಕವು. ಅದೇ ಸೀಸದಿಂದ ಯಾರ್ಕ್ ಮಿನ್‌ಸ್ಟರ್‌ನ ಫೈವ್ ಸಿಸ್ಟರ್ಸ್ ಕಿಟಕಿಯ ಗಾಜಿನ ಚೂರುಗಳನ್ನು ಮತ್ತೆ ಜೋಡಿಸಿದರು. ಮೊದಲ ಮಹಾಯುದ್ಧದಲ್ಲಿ ಸತ್ತ ಹೆಂಗಸರ ನೆನಪಿಗೆ 1925ರಲ್ಲಿ ಆ ಕಿಟಕಿಯನ್ನು ಅರ್ಪಿಸಿದರು. ಅದಕ್ಕೇ ಯಾರ್ಕ್ ಮೊದಲು, ರೀವೋ ಆಮೇಲೆ ನೋಡಿ ಎನ್ನುತ್ತೇನೆ. ಕಿಟಕಿ ನೋಡಿದ ಕಣ್ಣಿಗೆ ಆ ಖಾಲಿ ಚಾವಣಿ ಬೇರೆಯೇ ಕಾಣುತ್ತದೆ. ಒಂದು ತೊಡಕಿದೆ: ವಿಟ್ಬಿಯಿಂದ ರೀವೋಗೆ ಬಸ್ಸಿನಲ್ಲಿ ಹೋಗಿ ಬರುವುದು ಕಷ್ಟ. ಆ ಒಂದು ದಿನಕ್ಕೆ ಕಾರು ಬೇಕು, ಇಲ್ಲವೇ ಯಾರ್ಕ್‌ನಿಂದ ಹೆಲ್ಮ್ಸ್‌ಲಿಗೆ ಬಸ್ಸು.

ಬಯಲು ಸೀಮೆಗೆ ಬಂದರೆ, ಪೂರ್ವದಲ್ಲಿ ಮೂರ್ಸ್ ಎಂಬ ಎತ್ತರದ ಕುರುಚಲು ಬಯಲು, ಪಶ್ಚಿಮದಲ್ಲಿ ಡೇಲ್ಸ್ ಎಂಬ ಕಣಿವೆಗಳು, ಎರಡೂ ರಾಷ್ಟ್ರೀಯ ಉದ್ಯಾನ. ನೋಟದಲ್ಲಿ ಡೇಲ್ಸ್ ಒಂದು ಕೈ ಮೇಲು ಎಂದು ಬಹಳ ಜನ ಹೇಳುತ್ತಾರೆ. ಸುಣ್ಣಕಲ್ಲಿನ 80 ಮೀಟರ್ ಎತ್ತರದ ಮಾಲಮ್ ಕೋವ್ ಬಂಡೆ, ಹಸಿರಿನ ಮೇಲೆ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಬೇಲಿಗಳು, ಎಲ್ಲವೂ ಸೊಗಸು. ಆದರೆ ಕಾರಿಲ್ಲದವರಿಗೆ ಅಲ್ಲಿ ಬಸ್ಸು ಬಹಳ ಕಡಿಮೆ. ಲೀಡ್ಸ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲು ಹತ್ತಿ ರಿಬಲ್‌ಹೆಡ್‌ನಲ್ಲಿ ಇಳಿದು, 24 ಕಮಾನಿನ ಸೇತುವೆಯ ಕೆಳಗೆ ಓಡಾಡಿ ಬರುವುದೊಂದೇ ಸಲೀಸು. ಮೂರ್ಸ್ ಹಾಗಲ್ಲ. ಪಿಕರಿಂಗ್‌ನಿಂದ ವಿಟ್ಬಿಗೆ ಹಳೆಯ ಉಗಿ ರೈಲು ಇದೆ. ಮುಚ್ಚಿಹೋಗಿದ್ದ ಮಾರ್ಗವನ್ನು ಸ್ವಯಂಸೇವಕರು ಉಳಿಸಿ, 1973ರಲ್ಲಿ ಮತ್ತೆ ಓಡಿಸಿದ್ದು. ಆಗಸ್ಟಿನಲ್ಲಿ ಹೆದರ್ ಗಿಡ ಹೂ ಬಿಟ್ಟು ಬಯಲೆಲ್ಲ ನೇರಳೆ ಆಗಿರುತ್ತದೆ. ನನ್ನ ಆಯ್ಕೆ ಮೂರ್ಸ್.

ಕಾರು ತೆಗೆದುಕೊಳ್ಳುವವರಿಗೆ ಎರಡು ಮಾತು. ಸಟನ್ ಬ್ಯಾಂಕ್, ರೋಸ್‌ಡೇಲ್ ಚಿಮ್ನಿಯಂಥ ಏರುಗಳು ನಿಜಕ್ಕೂ ಕಡಿದು, ಎರಡನೆಯದು ಮೂರಡಿಗೆ ಒಂದಡಿ ಏರುತ್ತದೆ. ಆಗಸ್ಟಿನಲ್ಲಿ ವಿಟ್ಬಿಯಲ್ಲಿ ಪಾರ್ಕಿಂಗ್ ಹುಡುಕಿಯೇ ಬೆಳಗು ಕಳೆಯುತ್ತದೆ. ವಿಟ್ಬಿಯಲ್ಲೇ ಉಳಿದರೆ ಈ ತಲೆನೋವಿಲ್ಲ. ಬೆಳಿಗ್ಗೆ ಬಂಡೆಯಂಚಿನ ದಾರಿಯಲ್ಲಿ ರಾಬಿನ್ ಹುಡ್ಸ್ ಬೇವರೆಗೆ 11 ಕಿಲೋಮೀಟರ್ ನಡೆದು, ಎಕ್ಸ್93 ಬಸ್ಸಿನಲ್ಲಿ ವಾಪಸ್ ಬನ್ನಿ. ಮರಳಿನ ಮೇಲೆ ನಡೆಯುವ ಆಸೆಯಿದ್ದರೆ ಸಮುದ್ರದ ಉಬ್ಬರದ ವೇಳಾಪಟ್ಟಿ ನೋಡಿಕೊಂಡೇ ಇಳಿಯಿರಿ, ಅಲ್ಲಿ ನೀರು ಬಂಡೆಯ ಬುಡಕ್ಕೇ ಬರುತ್ತದೆ. ಒಳನಾಡಿನಲ್ಲಿ ಸುಡುಬಿಸಿಲಿದ್ದ ದಿನವೇ ಕರಾವಳಿಗೆ ಸಮುದ್ರದ ಮಂಜು ಕವಿಯುವುದುಂಟು, ಜುಲೈ ಆದರೂ ಸ್ವೆಟರ್ ಬಿಡಬೇಡಿ.

ನವೆಂಬರ್‌ನಿಂದ ಫೆಬ್ರವರಿ ನಡುವೆ ಬರುವವರಿಗೆ ಮಾತ್ರ ನನ್ನ ಸಲಹೆ ತಿರುಗುಮುರುಗು. ಆಗ ನಾಲ್ಕು ಗಂಟೆಯ ಆಸುಪಾಸಿಗೇ ಕತ್ತಲು, ಉಗಿ ರೈಲು ಬಹುಪಾಲು ನಿಂತಿರುತ್ತದೆ, ಬಯಲಿನ ಗಾಳಿ ತಡೆಯಲಾಗದು. ಅವರು ಯಾರ್ಕ್‌ನಲ್ಲೇ ರೂಮು ಮಾಡಿ, ಮೋಡವಿಲ್ಲದ ಒಂದು ದಿನ ನೋಡಿಕೊಂಡು ಸ್ಕಾರ್‌ಬರೋ ರೈಲು ಹತ್ತಲಿ.