ಪುಟ್ಟ ಮಕ್ಕಳ ತರಗತಿಗೊಂದು ದಿನಚರಿ ಮತ್ತು ಋತು ಫಲಕ: ವರ್ಷವಿಡೀ ಬಳಸಿದ ಮೇಲಿನ ಅಭಿಪ್ರಾಯ

ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆಂದು ಸಿದ್ಧಪಡಿಸಿದ ದಿನಚರಿ ಮತ್ತು ಋತು ಫಲಕದ ಸೆಟ್ಟೊಂದನ್ನು ನಮ್ಮ ತರಗತಿಯಲ್ಲಿ ಶಾಲೆ ಆರಂಭವಾದಾಗಿನಿಂದ ವಾರ್ಷಿಕ ರಜೆಯವರೆಗೂ ಬಳಸಿದ್ದೇವೆ. ದಪ್ಪ ಬಟ್ಟೆಯ ಮೇಲೆ ಪಾರದರ್ಶಕ ಜೇಬುಗಳನ್ನು ಹೊಲಿದ ಗೋಡೆಫಲಕ, 1ರಿಂದ 31ರವರೆಗಿನ ದಿನಾಂಕದ ಕಾರ್ಡುಗಳು, ವಾರ ಮತ್ತು ತಿಂಗಳುಗಳ ಹೆಸರುಗಳು, ಹವಾಮಾನದ ಚಿತ್ರಗಳು, ದಿನದ ಕೆಲಸಗಳನ್ನು ತೋರಿಸುವ ಪಟ್ಟಿಗಳು, ಎಣಿಕೆಯ ಕಡ್ಡಿಗಳು, ತಿರುಗುವ ಮುಳ್ಳಿರುವ ಋತುಚಕ್ರ ಮತ್ತು ಶಿಕ್ಷಕರ ಕೈಪಿಡಿ, ಇಷ್ಟು ಅದರಲ್ಲಿವೆ. ಕೊಳ್ಳಬೇಕೆಂದು ಯೋಚಿಸುತ್ತಿರುವ ಶಿಕ್ಷಕರಿಗೆ ನಾನು ಮೊದಲು ಹೇಳಬೇಕಾದದ್ದು ಇದು: ಮಕ್ಕಳನ್ನು ಕಿಟಕಿಯಾಚೆ ನೋಡಲು ಅಥವಾ ಕೈಯಿಂದ ಏನಾದರೂ ಮಾಡಲು ಹಚ್ಚುವ ಭಾಗಗಳೆಲ್ಲ ಬಹಳ ಚೆನ್ನಾಗಿವೆ, ಏನನ್ನೂ ನೋಡದೆ ಉತ್ತರ ಒಪ್ಪಿಸಲು ಬಿಡುವ ಭಾಗಗಳು ದುರ್ಬಲವಾಗಿವೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಎಣಿಕೆಯ ಕಡ್ಡಿಗಳು. ಶಾಲೆ ನಡೆದ ಪ್ರತಿ ದಿನಕ್ಕೂ ಒಂದು ಕಡ್ಡಿಯನ್ನು ಬಿಡಿ ಸ್ಥಾನದ ಜೇಬಿಗೆ ಹಾಕಬೇಕು. ಹತ್ತು ಕಡ್ಡಿಗಳಾದ ದಿನ ಅವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಹತ್ತರ ಜೇಬಿಗೆ ವರ್ಗಾಯಿಸಬೇಕು. ಹತ್ತು ಕಟ್ಟುಗಳಾದಾಗ ಅವೆಲ್ಲ ಒಂದೇ ದೊಡ್ಡ ಕಟ್ಟಾಗಿ ನೂರರ ಜೇಬಿಗೆ ಹೋಗುತ್ತವೆ. ಸ್ಥಾನಬೆಲೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ ಆಗದ ಕೆಲಸ ಇಲ್ಲಿ ತಾನಾಗಿ ಆಗುತ್ತದೆ. ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಮಕ್ಕಳು ಯಾರೂ ಕೇಳದೆಯೇ "ನಾಳೆ ಕಟ್ಟು ಕಟ್ಟುವ ದಿನ" ಎಂದು ಪರಸ್ಪರ ಹೇಳಿಕೊಳ್ಳುತ್ತಿದ್ದರು, ಮತ್ತು ಆ ಕಟ್ಟನ್ನು ಕಟ್ಟುವ ಸರದಿ ಯಾರದೆಂಬುದು ಅವರಿಗೆ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಬಿಡಿ ಸ್ಥಾನದ ಜೇಬು ಖಾಲಿಯಾಗಿ ಅಲ್ಲಿ ಸೊನ್ನೆಯ ಕಾರ್ಡು ಮಾತ್ರ ಉಳಿಯುವುದನ್ನು ಕಣ್ಣಾರೆ ಕಂಡ ಮಗುವಿಗೆ 40ರಲ್ಲಿರುವ ಸೊನ್ನೆ ಏನೆಂದು ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ದಿನಾಂಕದ ಕಾರ್ಡುಗಳ ಜೊತೆಗೆ ಬರುವ ನಿನ್ನೆ, ಇಂದು, ನಾಳೆ ಎಂಬ ಮೂರು ಜೇಬುಗಳೂ ಒಳ್ಳೆಯ ಯೋಚನೆಯೇ. ಆರು ವರ್ಷದ ಮಗುವಿಗೆ ವಾರದ ಹೆಸರುಗಳು ಬಾಯಿಪಾಠವಾಗಿರುತ್ತವೆ, ಆದರೆ ನಿನ್ನೆ "ನಾಳೆ"ಯಾಗಿದ್ದ ದಿನವೇ ಇಂದು "ಇಂದು" ಆಗಿದೆ ಎಂಬುದು ಕಾರ್ಡನ್ನು ತಾನೇ ಸರಿಸಿದಾಗ ಮಾತ್ರ ಮನಸ್ಸಿಗೆ ಇಳಿಯುತ್ತದೆ. ದಿನದ ಕೆಲಸಗಳ ಪಟ್ಟಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಿತ್ರಗಳು ಸ್ಪಷ್ಟವಾಗಿವೆ, ಓದಲು ಬಾರದ ಮಗುವಿಗೂ ಮುಂದೇನೆಂದು ತಿಳಿಯುತ್ತದೆ, ಮನೆಗೆ ಹೋಗುವ ಹೊತ್ತು ಯಾವಾಗ ಬರುತ್ತದೆಂದು ಚಡಪಡಿಸುವ ಮಕ್ಕಳಿಗೆ ಅದರಿಂದ ನಿಜವಾದ ಸಮಾಧಾನ ಸಿಗುತ್ತದೆ.

ಹವಾಮಾನದ ಕಾರ್ಡುಗಳಲ್ಲಿ ಬಿಸಿಲು, ಮೋಡ, ಮಳೆ, ಗಾಳಿ, ಮಂಜು, ಹಿಮ ಎಂದು ಆರು ಚಿತ್ರಗಳಿವೆ. ದಿನಕ್ಕೆ ಒಂದೇ ಜೇಬು ಇರುವುದು ಇದರ ಕೊರತೆ. ಬೆಳಿಗ್ಗೆ ಮೋಡ ಕವಿದಿದ್ದು ಮಧ್ಯಾಹ್ನ ಬಿಸಿಲು ಬಂದರೆ ಮಕ್ಕಳು ಸರಿಯಾಗಿಯೇ ಜಗಳ ತೆಗೆಯುತ್ತಾರೆ, ಮತ್ತು ಆ ಜಗಳದಲ್ಲಿ ನಾನು ಸದಾ ಮಕ್ಕಳ ಪಕ್ಷ. ಆದ್ದರಿಂದ ಬೆಳಗಿನದಕ್ಕೊಂದು, ಮಧ್ಯಾಹ್ನದ್ದಕ್ಕೊಂದು ಎಂದು ಎರಡು ಕಾರ್ಡುಗಳನ್ನು ಇಡುವುದು ಒಳ್ಳೆಯದು. ತಿಂಗಳ ಕೊನೆಯಲ್ಲಿ ಒಂದು ದಿನಕ್ಕೆ ಒಂದು ಚೌಕದಂತೆ ಬಣ್ಣ ತುಂಬಿ ಸ್ತಂಭಾಲೇಖ ಮಾಡುವ ಹಾಳೆಗಳು ಸೆಟ್ಟಿನ ಅತ್ಯುತ್ತಮ ಭಾಗಗಳಲ್ಲೊಂದು. ಹಿಂದಿನ ತಿಂಗಳುಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿದರೆ ಒಂದು ದಿನದ ಮಳೆಗೂ ಮಳೆಗಾಲಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಕಾಣತೊಡಗುತ್ತದೆ. ಮಳೆಯನ್ನು ಅಳೆಯುವ ಸಾಧನವೊಂದು ಸೆಟ್ಟಿನಲ್ಲಿರಬೇಕಿತ್ತು. ಬದಿಗಳು ನೇರವಾಗಿರುವ ಪಾರದರ್ಶಕ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ನಿಂತ ನೀರಿನ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ಅಳೆದರೆ ಸಾಕು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು ಎಂದು ಹೇಳಿದಾಗ ಮಕ್ಕಳು ತಮ್ಮ ನೀರಿನ ಬಾಟಲಿಯನ್ನು ಎತ್ತಿ ಎತ್ತಿ ನೋಡುತ್ತಾರೆ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಋತುಚಕ್ರದ ಬಗ್ಗೆ. ನಾಲ್ಕು ಸಮಭಾಗಗಳ ಈ ಚಕ್ರದ ಮುಳ್ಳನ್ನು ನಿಗದಿತ ತಿಂಗಳಲ್ಲಿ ಸರಿಸಿಬಿಟ್ಟರೆ ಮೂರು ತಿಂಗಳು ಯಾರೂ ಹೊರಗೆ ನೋಡಬೇಕಾಗಿಲ್ಲ. ಹೊರಗೆ ಮರ ಚಿಗುರಿ ನಿಂತಿದ್ದರೂ ಚಕ್ರ ಚಳಿಗಾಲ ಎನ್ನುತ್ತಿದ್ದರೆ ಮಗು ಚಕ್ರವನ್ನೇ ನಂಬುತ್ತದೆ. ಉತ್ತರಾರ್ಧಗೋಳ ಮತ್ತು ದಕ್ಷಿಣಾರ್ಧಗೋಳಗಳಲ್ಲಿ ಋತುಗಳು ಅದಲುಬದಲಾಗಿರುತ್ತವೆ, ಸಮಭಾಜಕ ವೃತ್ತದ ಸಮೀಪದಲ್ಲಿ ಚಳಿ ಬೇಸಿಗೆಗಳಿಗಿಂತ ಮಳೆಯೇ ಕಾಲವನ್ನು ಗುರುತಿಸುತ್ತದೆ; ಇದ್ಯಾವುದಕ್ಕೂ ಈ ಚಕ್ರದಲ್ಲಿ ಜಾಗವಿಲ್ಲ. ಕೈಪಿಡಿಯಲ್ಲಂತೂ ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಬರುತ್ತದೆ ಎಂದು ಬರೆದಿದೆ, ಇದು ತಪ್ಪು. ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಿರುವುದು ಜನವರಿಯ ಆರಂಭದಲ್ಲಿ, ಉತ್ತರಾರ್ಧಗೋಳದಲ್ಲಿ ಆಗ ಚಳಿಗಾಲ. ಋತುಗಳಿಗೆ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದು. ಈ ವಯಸ್ಸಿನ ಮಕ್ಕಳಿಗೆ ಅಕ್ಷದ ಪಾಠ ಬೇಡವೇ ಬೇಡ, ಆದರೆ ಮುಂದೆ ಅಳಿಸಲು ಕಷ್ಟವಾಗುವ ತಪ್ಪನ್ನು ಅವರ ತಲೆಗೆ ತುಂಬುವುದು ಅನ್ಯಾಯ.

ಚಕ್ರದ ಬದಲಿಗೆ ನಾವು ಮಾಡಿದ್ದು ಸರಳ. ಅಂಗಳದ ಒಂದೇ ಮರವನ್ನು ಪ್ರತಿ ತಿಂಗಳೂ ಎಲ್ಲರೂ ಚಿತ್ರಿಸಿದರು, ಮತ್ತು ನೆಟ್ಟ ಕೋಲೊಂದರ ನೆರಳನ್ನು ನಡುಹಗಲು ದಾರದಿಂದ ಅಳೆದು ಆ ದಾರವನ್ನು ಫಲಕದ ಕೆಳಗೆ ಅಂಟಿಸಿದರು. ಉದ್ದಗಿಡ್ಡವಾಗುತ್ತ ಹೋದ ಆ ದಾರಗಳನ್ನು ಬೆರಳಿನಿಂದ ಸವರಿ ನೋಡುವುದು ಹಲವು ಮಕ್ಕಳಿಗೆ ದಿನದ ಮೊದಲ ಕೆಲಸವಾಯಿತು. ಸಾಧ್ಯವಾದರೆ ತಯಾರಕರು ಮುಂದಿನ ಆವೃತ್ತಿಯಲ್ಲಿ ಚಕ್ರವನ್ನು ಕೈಬಿಟ್ಟು ಹನ್ನೆರಡು ಖಾಲಿ ಜೇಬುಗಳನ್ನು ಕೊಡಲಿ.

ಬಾಳಿಕೆಯ ವಿಷಯಕ್ಕೆ ಬಂದರೆ, ಬಟ್ಟೆ ಮತ್ತು ಹೊಲಿಗೆ ಗಟ್ಟಿಯಾಗಿವೆ, ಕಾರ್ಡುಗಳ ಮೂಲೆಗಳು ಮಾತ್ರ ಬೇಗ ಸುಲಿಯುತ್ತವೆ. ಲ್ಯಾಮಿನೇಟ್ ಮಾಡಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡುವುದು ಕ್ಷೇಮ. ಕೈಪಿಡಿಯು ಫಲಕವನ್ನು ಕರಿಹಲಗೆಯ ಪಕ್ಕದಲ್ಲಿ, ಶಿಕ್ಷಕರ ಎತ್ತರಕ್ಕೆ ತೂಗುಹಾಕಲು ಹೇಳುತ್ತದೆ. ಕಿಟಕಿಯ ಪಕ್ಕದಲ್ಲಿ, ಅತಿ ಗಿಡ್ಡ ಮಗುವಿನ ಕೈ ಮೇಲಿನ ಸಾಲಿನ ಜೇಬಿಗೆ ಎಟಕುವಷ್ಟು ಕೆಳಗೆ ಅದನ್ನು ಹಾಕಿ ಎಂಬುದು ನನ್ನ ಸಲಹೆ.