ತಾನೇ ಹೊಂದಿಕೊಳ್ಳುವ ಸಿಸ್ಟಮ್‌ಗೆ ಯಾವ ಭಾಷೆ? ಪೈಥಾನ್, ಗೋ, ಎರ್ಲಾಂಗ್ ಬಳಸಿ ನೋಡಿದ ಮೇಲೆ

ಲೋಡ್ (ಕೆಲಸದ ಹೊರೆ) ಏರಿದರೆ ವರ್ಕರ್‌ಗಳನ್ನು, ಅಂದರೆ ಕೆಲಸ ಮಾಡುವ ಘಟಕಗಳನ್ನು, ಹೆಚ್ಚಿಸಿಕೊಳ್ಳುವ, ಇಳಿದರೆ ಕಡಿಮೆ ಮಾಡಿಕೊಳ್ಳುವ ಒಂದು ಚಿಕ್ಕ ಸರ್ವರನ್ನು ಮೂರು ಭಾಷೆಗಳಲ್ಲೂ ಬರೆದೆ. ಒಳಗಿನ ಲೂಪ್ ಎಲ್ಲದರಲ್ಲೂ ಒಂದೇ: ಗಮನಿಸು, ವಿಶ್ಲೇಷಿಸು, ಯೋಜಿಸು, ಜಾರಿ ಮಾಡು. ಐಬಿಎಂ ಮುಂದಿಟ್ಟ ಮೇಪ್-ಕೆ ಮಾದರಿ ಇದೇ (ಈ ನಾಲ್ಕು ಹಂತಗಳ ಇಂಗ್ಲಿಷ್ ಮೊದಲಕ್ಷರಗಳು ‘ಮೇಪ್’, ಅವು ಹಂಚಿಕೊಳ್ಳುವ ತಿಳಿವಳಿಕೆ ‘ಕೆ’). ಇದನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ಓಡುತ್ತಿರುವಾಗಲೇ ಒಂದು ಭಾಗ ಕೆಟ್ಟರೆ, ಅಥವಾ ಅದರ ಕೋಡನ್ನೇ ಬದಲಿಸಬೇಕಾದರೆ ಏನಾಗುತ್ತೆ? ಭಾಷೆಯ ಯೋಗ್ಯತೆ ಗೊತ್ತಾಗೋದು ಅಲ್ಲೇ.

ಪೈಥಾನ್‌ನಲ್ಲಿ ಕೆಲಸ ಬೇಗ ಮುಗಿಯಿತು. ಲೋಡ್ ಅಂದಾಜು ಮಾಡುವ ಲೆಕ್ಕಕ್ಕೆ ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಆದರೆ ಮಾಡ್ಯೂಲನ್ನು (ಕೋಡಿನ ಒಂದು ಫೈಲನ್ನು) ರೀಲೋಡ್ ಮಾಡಿದರೂ, ಮೊದಲೇ ಹುಟ್ಟಿದ ಆಬ್ಜೆಕ್ಟ್‌ಗಳು ಹಳೆಯ ಕ್ಲಾಸಿಗೇ ಅಂಟಿಕೊಂಡಿರುತ್ತವೆ. ಅರ್ಧ ಸಿಸ್ಟಮ್ ಹೊಸ ನಿಯಮದಲ್ಲಿ, ಅರ್ಧ ಹಳೆಯದರಲ್ಲಿ!

ಗೋ ವೇಗವಾಗಿದೆ, ಹಗುರವಾಗಿದೆ. ಒಂದು ಗೋರೂಟೀನ್ (ಗೋದಲ್ಲಿ ಏಕಕಾಲಕ್ಕೆ ಓಡುವ ಪುಟ್ಟ ಕೆಲಸ) ಸಾಮಾನ್ಯವಾಗಿ ಬರೀ 2 ಕೆಬಿ ಸ್ಟಾಕ್ ಮೆಮೊರಿಯಿಂದ ಶುರುವಾಗುತ್ತೆ. ಆದರೆ ಒಂದೇ ಗೋರೂಟೀನ್‌ನಲ್ಲಿ ಪ್ಯಾನಿಕ್ (ಗಂಭೀರ ದೋಷ) ಆಗಿ, ಅಲ್ಲೇ ಅದನ್ನು ಹಿಡಿದು ರಿಕವರ್ ಮಾಡದಿದ್ದರೆ ಇಡೀ ಪ್ರೋಗ್ರಾಮ್ ನಿಲ್ಲುತ್ತದೆ. ಪ್ರೋಗ್ರಾಮ್‌ಗಳನ್ನು ಹೊರಗಿನಿಂದ ನಡೆಸಿ ನೋಡಿಕೊಳ್ಳುವ ಕುಬರ್ನೆಟೀಸ್ ಮತ್ತೆ ಎಬ್ಬಿಸುತ್ತೆ, ನಿಜ. ಅಷ್ಟರಲ್ಲಿ ಮೆಮೊರಿಯಲ್ಲಿ ಕಲಿತಿದ್ದೆಲ್ಲ ಹೋಗಿರುತ್ತೆ ಅಲ್ವಾ?

ನನ್ನ ಮನಸ್ಸು ಗೆದ್ದಿದ್ದು ಎರ್ಲಾಂಗ್. 1980ರ ದಶಕದಲ್ಲಿ ಎರಿಕ್ಸನ್‌ನಲ್ಲಿ, ಟೆಲಿಫೋನ್ ಎಕ್ಸ್‌ಚೇಂಜ್‌ಗಳನ್ನು ನಿಲ್ಲಿಸದೆ ನಡೆಸಬೇಕು ಅನ್ನೋ ಅಗತ್ಯದಿಂದ ಹುಟ್ಟಿದ ಭಾಷೆ. ಶೆಲ್‌ನಿಂದ ಒಂದು ವರ್ಕರನ್ನು ಬೇಕೆಂದೇ ಕೊಂದೆ. ವರ್ಕರ್‌ಗಳ ಮೇಲೆ ಕಣ್ಣಿಡುವ ಸೂಪರ್‌ವೈಸರ್ ತಕ್ಷಣ ಹೊಸ ಪಿಐಡಿಯಲ್ಲಿ (ಗುರುತಿನ ಸಂಖ್ಯೆಯಲ್ಲಿ) ಇನ್ನೊಂದನ್ನು ಎಬ್ಬಿಸಿತು. ಪಕ್ಕದ ವರ್ಕರ್‌ಗಳು ಸುಮ್ನೆ ತಮ್ಮ ಕೆಲಸ ಮಾಡಿಕೊಂಡಿದ್ದವು. ಮತ್ತೆ ಮತ್ತೆ ಕೊಂದಾಗ ಸೂಪರ್‌ವೈಸರೇ ಕೈಚೆಲ್ಲಿ, ವಿಷಯವನ್ನು ತನ್ನ ಮೇಲಿನ ಸೂಪರ್‌ವೈಸರ್‌ಗೆ ದಾಟಿಸಿತು. ಡೀಫಾಲ್ಟ್ ಮಿತಿ 5 ಸೆಕೆಂಡಿಗೆ 1 ರೀಸ್ಟಾರ್ಟ್ ಮಾತ್ರ. ಎಲ್ಲಿಯವರೆಗೆ ತಾನೇ ಸರಿಪಡಿಸಬೇಕು, ಯಾವಾಗ ಮೇಲೆ ಹೇಳಬೇಕು ಎಂಬ ವಿವೇಕ ಇಲ್ಲಿ ಭಾಷೆಯ ಜೊತೆಗೇ ಬರುತ್ತೆ. ಅದನ್ನು ಮತ್ತೆಲ್ಲೂ ನಾನು ಇಷ್ಟು ಸಲೀಸಾಗಿ ಪಡೆದಿಲ್ಲ.

ಕೋಡ್ ಬದಲಾವಣೆಯೂ ಹಾಗೇ. ಒಂದು ಮಾಡ್ಯೂಲಿನ ಹಳೆಯ, ಹೊಸ ಎರಡೂ ಆವೃತ್ತಿಗಳು ಒಟ್ಟಿಗೇ ಇರುತ್ತವೆ. ಮಾಡ್ಯೂಲಿನ ಹೆಸರು ಹಿಡಿದು ಕರೆದರೆ ಹೊಸದಕ್ಕೆ ಹೋಗುತ್ತೆ. ಹಳೆಯದರಲ್ಲಿ ಓಡುತ್ತಿರುವ ಪ್ರೋಸೆಸ್ (ನಮ್ಮ ವರ್ಕರ್‌ನಂಥದ್ದು) ಬರೀ ಫಂಕ್ಷನ್ ಹೆಸರಿನಿಂದ ಕರೆದರೆ ಹಳೆಯದರಲ್ಲೇ ಉಳಿಯುತ್ತೆ. ಮೂರನೆಯದು ಲೋಡ್ ಆದಾಗ, ತೀರಾ ಹಳೆಯದರಲ್ಲಿ ಸಿಕ್ಕಿಕೊಂಡ ಪ್ರೋಸೆಸ್‌ಗಳು ಸಾಯುತ್ತವೆ. ಇದೊಂದನ್ನು ನೆನಪಿಡಿ.

ಭಾರೀ ಲೆಕ್ಕಕ್ಕೆ ಎರ್ಲಾಂಗ್ ನಿಧಾನ. ಸಿಂಟ್ಯಾಕ್ಸ್ ಹಿಡಿಸದಿದ್ದರೆ ಎಲಿಕ್ಸಿರ್ ಇದೆ, ಅದೂ ಎರ್ಲಾಂಗ್‌ನ ವಿಎಂ (ವರ್ಚುವಲ್ ಮಷೀನ್) ಮೇಲೆಯೇ ಓಡುತ್ತೆ. ಮೆಮೊರಿಯಲ್ಲಿ ನೆನಪಿಟ್ಟುಕೊಳ್ಳಬೇಕಾದ ಸ್ಟೇಟ್ ಕಡಿಮೆ ಇದ್ದು, ರೀಸ್ಟಾರ್ಟ್‌ನಿಂದ ನಷ್ಟವಿಲ್ಲದಿದ್ದರೆ ಗೋ ಸಾಕು. ಉಳಿದ ಕಡೆ ನನ್ನ ಆಯ್ಕೆ: ಮೈಯೆಲ್ಲ ಎರ್ಲಾಂಗ್, ಅಂದಾಜಿನ ಲೆಕ್ಕ ಮಾತ್ರ ಪೋರ್ಟ್ (ಹೊರಗಿನ ಪ್ರೋಗ್ರಾಮ್ ಜೊತೆ ಮಾತಾಡುವ ಎರ್ಲಾಂಗ್‌ನ ದಾರಿ) ಮೂಲಕ ಪೈಥಾನ್‌ಗೆ. ಪೈಥಾನ್ ಬಿದ್ದರೆ ಅದನ್ನೂ ಸೂಪರ್‌ವೈಸರೇ ನೋಡಿಕೊಳ್ಳುತ್ತೆ.